ಸಂಡೂರಿಗೆ ಬಾರದ ಉಗಿಬಂಡಿ

(ಸಂಡೂರಿನಲ್ಲಿ ನೆರೆದ ಉಪಾಧ್ಯಾಯರ ಹಾಗೂ ಊರ ಮಹಾಜನರ ಮುಂದೆ ಮಾಡಿದ ಭಾಷಣ)



ತಾವು ಕೃಪೆಯಿಟ್ಟು ಬರೆದ ಆಮಂತ್ರಣದ ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು: ‘ತೋರಣಗಲ್ಲಿನಲ್ಲಿ ಇಳಿಯಿರಿ, ಅಲ್ಲಿಂದ ಕರೆತರುವ ಏರ್ಪಾಡು ನಮ್ಮದು.’ ಯಾವ ವಿಷಯವನ್ನು ಕುರಿತು ಮಾತನಾಡಬೇಕೆಂದು ಯೋಚಿಸುತ್ತಿದ್ದ ನಮಗೆ ಆ ಸಾಲೇ ವಿಷಯವನ್ನು ಒದಗಿಸಿಕೊಟ್ಟಿತು. ತಮ್ಮೂರಿಗೆ ಬರುವವನು ತಮ್ಮೂರಿನಲ್ಲಿ ಇಳಿಯುವಂತಿಲ್ಲ. ಅವನು ತೋರಣಗಲ್ಲಿನಲ್ಲಿ ಇಳಿಯಬೇಕು, ಇಲ್ಲವೇ ಹೊಸಪೇಟೆಯಲ್ಲಿ ಇಳಿಯಬೇಕು. ಅಲ್ಲಿಂದ ಗುಡ್ಡಗಳ ನಡುವಿನ ದಾರಿ ಹಿಡಿದು ಈ ಕಣಿವೆಗೆ ಬರಬೇಕು. ಇದು ಇಂದು ನಿನ್ನೆಯ ಮಾತಲ್ಲ. ಈ ಸೀಮೆಗೆ ರೇಲ್ವೆಯು ಬಂದಂದಿನಿಂದಲೂ ಹೀಗೆಯೇ ನಡೆದುಬಂದಿದೆ. ಇಷ್ಟಾಗಿ ಈ ತಾಲೂಕಿನ ಮೈಮೇಲೆ ಕಬ್ಬಿಣದ ಹಾದಿಗೆ ಕೊರತೆಯಿಲ್ಲ. ಹಾದಿ ಇದೆ, ಹಳಿಯಿದೆ, ಬಂಡಿಯೂ ಹಗಲಿರುಳು ಓಡುತ್ತದೆ. ಊರ ಜನ ಮಾತ್ರ ಸ್ಟೇಶನ್ನನ್ನು ಹುಡುಕಿಕೊಂಡು ಊರ ಹೊರಗೆ ಹೋಗಬೇಕಾಗಿದೆ. ಈ ವಿಚಿತ್ರವು ಹೇಗೆ ಒದಗಿತೆಂಬುದನ್ನು ನಮಗೆ ತಿಳಿದಮಟ್ಟಿಗೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲು ಸ್ಥಳದ ಸ್ವರೂಪವನ್ನು ನೆನೆಯೋಣ. ತಾವು ದಿನವೂ ಮಕ್ಕಳಿಗೆ ಭೂಗೋಳವನ್ನು ಹೇಳಿಕೊಡುವವರು. ತಮಗೆ ನಾವು ಹೇಳುವುದು ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದಂತೆ. ಆದರೂ ಪತ್ರಿಕೆಯಲ್ಲಿ ಇದನ್ನು ಓದುವ ದೂರದ ಊರಿನವರಿಗಾಗಿ ಎರಡು ಮಾತು. ಒಂದರ ಪಕ್ಕದಲ್ಲೊಂದು ಸಾಗಿದ ಎರಡು ಗುಡ್ಡದ ಸಾಲುಗಳ ನಡುವೆ, ತೊಟ್ಟಿಲಲ್ಲಿ ಮಲಗಿದ ಕೂಸಿನಂತೆ, ಸಂಡೂರು ಇದೆ. ನಾರಿಹಳ್ಳವು ಈ ಗುಡ್ಡಗಳನ್ನು ಕೊರೆದು ಓಬಳಗಂಡಿ, ಭೀಮಗಂಡಿ ಎಂಬ ಎರಡು ಬಾಗಿಲುಗಳನ್ನು ಮಾಡಿಕೊಟ್ಟಿದೆ. ಹಿಂದೆ ಘೋರ್ಪಡೆಯವರ ಸಂಸ್ಥಾನವಾಗಿದ್ದಾಗ ಇದರ ವಿಸ್ತಾರ ಕೇವಲ 161 ಚದರ ಮೈಲು. ನಾಲ್ಕೂ ದಿಕ್ಕಿಗೆ ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯೇ ಸುತ್ತುವರಿದಿತ್ತು. ಒಳಗೆ ರಾಜರ ಆಳಿಕೆ, ಹೊರಗೆ ಆಂಗ್ಲರ ಆಳಿಕೆ. ಒಳಗೂ ಹೊರಗೂ ಜನರಾಡುವ ನುಡಿ ಒಂದೇ ಕನ್ನಡ. ಗುಡ್ಡದ ನೆತ್ತಿಯ ಮೇಲೆ ಕುಮಾರಸ್ವಾಮಿಯ ಗುಡಿ. ಅದರ ಸುತ್ತಲ ಕೆಂಪು ಮಣ್ಣಿನ ಒಡಲಲ್ಲಿ ಕಬ್ಬಿಣದ ಅದಿರು, ಮ್ಯಾಂಗನೀಸಿನ ಅದಿರು. ಈ ಎರಡನೆಯದೇ ನಮ್ಮ ಕಥೆಗೆ ಮೂಲ.

ಆದರೆ ರೇಲ್ವೆಯು ಈ ಸೀಮೆಗೆ ಮೊದಲು ಬಂದದ್ದು ಅದಿರಿಗಾಗಿ ಅಲ್ಲ, ಹಸಿವಿಗಾಗಿ. 1876ರಿಂದ 1878ರ ವರೆಗಿನ ಮಹಾಕ್ಷಾಮದ ಹೆಸರನ್ನು ಕೇಳದವರು ಈ ಸಭೆಯಲ್ಲಿರಲಾರರು. ಅತ್ಯಂತ ಹೆಚ್ಚಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹಡಗಿನಲ್ಲಿ ಬಂದ ಧಾನ್ಯದ ಮೂಟೆಗಳು ಮದ್ರಾಸಿನ ಕಡಲದಂಡೆಯಲ್ಲಿ ರಾಶಿ ಬಿದ್ದಿದ್ದವು. ಒಳನಾಡಿಗೆ ಅವನ್ನು ತರಬೇಕಾದ ಎತ್ತುಗಳು ಮೇವು ನೀರಿಲ್ಲದೆ ದಾರಿಯಲ್ಲಿಯೇ ಬೀಳುತ್ತಿದ್ದವು. ಮದ್ರಾಸಿನಿಂದ ಹೊರಟ ದೊಡ್ಡ ಅಳತೆಯ ಹಾದಿಯು 1871ರಲ್ಲಿಯೇ ರಾಯಚೂರಿನಲ್ಲಿ ಮುಂಬಯಿಯ ಹಾದಿಯನ್ನು ಕೂಡಿಕೊಂಡಿತ್ತು. ಗುಂತಕಲ್ಲಿನಿಂದ ಅದರದೊಂದು ಕವಲು ಬಳ್ಳಾರಿಯ ವರೆಗೆ ಬಂದಿತ್ತು. ಅಲ್ಲಿಂದ ಪಡುವಲಿಗೆ ಎತ್ತಿನ ಬಂಡಿಯೇ ಗತಿ. ಕ್ಷಾಮವು ಕಳೆದ ತರುವಾಯ ಸರಕಾರವು ನೇಮಿಸಿದ ಕ್ಷಾಮಸಮಿತಿಯು 1880ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಬರದ ಸೀಮೆಗಳನ್ನು ಕಾಪಾಡಬೇಕಾದರೆ 5,000 ಮೈಲು ಹಾದಿಯನ್ನು ಕೂಡಲೇ ಹಾಕಬೇಕು, ಒಟ್ಟು 20,000 ಮೈಲಾದರೆ ಹಿಂದುಸ್ತಾನಕ್ಕೆ ಕ್ಷಾಮದ ಭಯವು ತಗ್ಗೀತು ಎಂಬುದು ಅದರ ಮತ. ಈ ಮತದ ಫಲವಾಗಿ 1882ರಲ್ಲಿ ಹುಟ್ಟಿದ್ದೇ ಸದರ್ನ್ ಮರಾಠಾ ರೇಲ್ವೆ ಕಂಪನಿ. ಸಣ್ಣ ಅಳತೆಯ, ಎಂದರೆ ಮೀಟರ್ ಅಗಲದ ಹಳಿಯನ್ನು ಅದು ಆರಿಸಿಕೊಂಡಿತು. ದೊಡ್ಡ ಅಳತೆಯ ಐದೂವರೆ ಅಡಿ ಹಾದಿಗೆ ಹಣ ಹೆಚ್ಚು ಬೇಕು. ಬಡ ಸೀಮೆಗೆ ಚಿಕ್ಕದೇ ಸಾಕು ಎಂಬುದು ಅಂದಿನ ಎಣಿಕೆ. ಬಳ್ಳಾರಿಯಿಂದ ಹೊಸಪೇಟೆ, ಹೊಸಪೇಟೆಯಿಂದ ಹೊಳೆ ದಾಟಿ ಗದಗು, ಹುಬ್ಬಳ್ಳಿ ಹೀಗೆ 1880ರ ದಶಕದಲ್ಲಿ ಹಾದಿಯು ಸಾಗಿತು. 1888ರಲ್ಲಿ ಕ್ಯಾಸಲ್‌ರಾಕಿನ ಘಟ್ಟದಲ್ಲಿ ಪೋರ್ತುಗೀಜರ ಹಾದಿಯನ್ನು ಕೂಡಿಕೊಂಡು ಮುರ್ಮಗೋವೆಯ ಕಡಲನ್ನು ಮುಟ್ಟಿತು.

ಇಲ್ಲಿ ಸ್ವಲ್ಪ ನಿಂತು ಒಂದು ಮಾತನ್ನಾಡದೆ ಮುಂದೆ ಹೋಗಲು ಮನಸ್ಸು ಬಾರದು. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗು, ಹುಬ್ಬಳ್ಳಿ, ಧಾರವಾಡ ಇವು ಕನ್ನಡದ ಊರುಗಳು. ಈ ಊರುಗಳನ್ನು ಹೊಲಿದ ದಾರಕ್ಕೆ ಇಟ್ಟ ಹೆಸರು ‘ದಕ್ಷಿಣ ಮರಾಠಾ’! ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆಯನ್ನು ಆಂಗ್ಲ ಅಧಿಕಾರಿಗಳು ಪೇಶವೆಯರಿಂದ ಪಡೆದವರಾದ್ದರಿಂದ ಅದನ್ನು ದಕ್ಷಿಣ ಮರಾಠಾ ದೇಶವೆಂದೇ ಕರೆಯುತ್ತಿದ್ದರು. ಜನರ ನುಡಿ ಯಾವುದೆಂದು ಕೇಳುವ ಗೊಡವೆಗೆ ಅವರು ಹೋಗಲಿಲ್ಲ. ಆಳಿದವರ ಹೆಸರು ನಾಡಿಗೆ ಬಂದಿತು, ನಾಡಿನ ಹೆಸರು ನಾಡಿಗೆ ಇಲ್ಲವಾಯಿತು. ಕಂಪನಿಯ ಮುಖ್ಯ ಕಚೇರಿಯು ಧಾರವಾಡದಲ್ಲಿಯೇ ಇತ್ತೆಂಬುದು ಇನ್ನೂ ಸೋಜಿಗದ ಸಂಗತಿ. ಇಂದು ಧಾರವಾಡದಲ್ಲಿ ಕರ್ನಾಟಕ ಕಾಲೇಜು ನಡೆಯುವ ಭವ್ಯ ಕಟ್ಟಡವು ಆ ರೇಲ್ವೆಯ ಕಚೇರಿಗಾಗಿ ಕಟ್ಟಿದ್ದು. 1908ರಲ್ಲಿ ಈ ಕಂಪನಿಯನ್ನೂ ಮದ್ರಾಸು ರೇಲ್ವೆಯನ್ನೂ ಒಂದುಗೂಡಿಸಿ ‘ಮದ್ರಾಸ್ ಎಂಡ್ ಸದರ್ನ್ ಮರಾಠಾ’ ಎಂದು ಹೆಸರಿಟ್ಟರು; ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. ಬರಿದಾದ ಕಟ್ಟಡಕ್ಕೆ ಸರಸ್ವತಿಯು ಬಂದು ನೆಲಸಿದಳು. ಕನ್ನಡಿಗರಿಗೆ ಅದೊಂದು ಲಾಭವೆಂದೇ ಹೇಳಬೇಕು. ಆದರೆ ಹೊಸ ಹೆಸರಿನಲ್ಲಿ ಮದ್ರಾಸು ಇತ್ತು, ಮರಾಠಾ ಇತ್ತು. ಕರ್ನಾಟಕವು ಅದರಲ್ಲಿಯೂ ಇರಲಿಲ್ಲ.

ಹೆಸರಿನ ಮಾತು ಹಾಗಿರಲಿ. ಹೊಸಪೇಟೆಯಲ್ಲಿ ಬಂಡಿ ಹತ್ತಿದ ಒಬ್ಬ ಕನ್ನಡಿಗನು ಹುಬ್ಬಳ್ಳಿಗೆ ಹೋಗುವುದರೊಳಗೆ ಎಷ್ಟು ಸರಕಾರಗಳನ್ನು ದಾಟುತ್ತಿದ್ದನೆಂಬುದನ್ನು ಎಣಿಸಿ ನೋಡಿ. ಹತ್ತಿದ್ದು ಮದ್ರಾಸು ಪ್ರಾಂತದಲ್ಲಿ. ತುಂಗಭದ್ರೆಯ ಸೇತುವೆಯನ್ನು ದಾಟಿದರೆ ಮುನಿರಾಬಾದು; ಅದು ನಿಜಾಮರ ಸೀಮೆ. ಅಲ್ಲಿ ನಾಣ್ಯವೇ ಬೇರೆ, ಸುಂಕದ ಕಟ್ಟೆಯೇ ಬೇರೆ. ಗಿಣಿಗೇರಿ, ಕೊಪ್ಪಳ, ಭಾನಾಪುರಗಳನ್ನು ಕಳೆದು ಹರ್ಲಾಪುರ, ಗದಗಿಗೆ ಬಂದರೆ ಮುಂಬಯಿ ಪ್ರಾಂತ. ಒಂದೇ ಹಗಲಿನ ಪ್ರಯಾಣದಲ್ಲಿ ಮೂರು ಆಳಿಕೆ. ಸಂಡೂರಿನಿಂದ ಹೊರಟವನಿಗೆ ನಾಲ್ಕು. ಕಿಟಕಿಯ ಹೊರಗೆ ಮಾತ್ರ ಅದೇ ಎರೆಹೊಲ, ಅದೇ ಜೋಳ, ಸ್ಟೇಶನ್ನಿನಲ್ಲಿ ನೀರು ಮಾರುವವಳ ಬಾಯಲ್ಲಿ ಅದೇ ಕನ್ನಡ. ಏಕೀಕರಣದ ಹಿರಿಯರು ಬರೆದ ಲೇಖನಗಳಿಂದ ನಾಡು ಒಂದೆಂಬ ಅರಿವು ಹುಟ್ಟಿತೆಂಬುದು ನಿಜ. ಆದರೆ ಮೂರನೆಯ ದರ್ಜೆಯ ಡಬ್ಬಿಯ ಹಲಗೆಯ ಮೇಲೆ ಮೊಳಕಾಲಿಗೆ ಮೊಳಕಾಲು ತಾಗಿಸಿ ಕುಳಿತವರಿಗೆ ಆ ಅರಿವು ಲೇಖನಕ್ಕಿಂತ ಮೊದಲೇ ಬಂದಿದ್ದರೆ ಆಶ್ಚರ್ಯವಿಲ್ಲ. 1905ರಲ್ಲಿ ಆಲೂರ ವೆಂಕಟರಾಯರು ಹಂಪಿಯ ಹಾಳನ್ನು ಕಣ್ಣಾರೆ ಕಂಡು ತಮ್ಮ ಜೀವಿತದ ದಾರಿಯನ್ನೇ ಬದಲಿಸಿಕೊಂಡರು. 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವವು ನಡೆದುದೂ ಹಂಪಿಯಲ್ಲಿ. ಹಂಪಿಗೆ ಹೋಗುವವರಿಗೆ ಹತ್ತಿರದ ದೊಡ್ಡ ಸ್ಟೇಶನ್ನು ಹೊಸಪೇಟೆಯೇ. ಹೊಟ್ಟೆಗಾಗಿ ಹಾಕಿದ ಹಾದಿ ಹೀಗೆ ಹೃದಯಕ್ಕೂ ಒದಗಿತು.

ಇನ್ನು ಸಂಡೂರಿನ ಕಡೆಗೆ ತಿರುಗೋಣ. ಬಳ್ಳಾರಿಯಿಂದ ಹೊಸಪೇಟೆಗೆ ಬರುವ ಹಾದಿಯು ಕುಡತಿನಿ, ದರೋಜಿ, ತೋರಣಗಲ್ಲುಗಳ ಮೇಲೆ ಬಯಲನ್ನು ಹಿಡಿದು ಹೋಯಿತು. ಗುಡ್ಡದ ಒಳಗೆ ಕಾಲಿಡಲಿಲ್ಲ. ಇಂಜನಿಯರನಿಗೆ ಬಯಲೇ ಪ್ರಿಯ. ಅದಕ್ಕೆ ಅವನನ್ನು ದೂರಲಾಗದು. ತೋರಣಗಲ್ಲು ಹೀಗೆ ಸಂಡೂರಿನ ಹೊರಬಾಗಿಲಾಯಿತು. ಇಪ್ಪತ್ತನೆಯ ಶತಮಾನವು ಕಣ್ಣು ತೆರೆಯುತ್ತಿದ್ದಂತೆ ಗುಡ್ಡದಲ್ಲಿ ಮ್ಯಾಂಗನೀಸು ಇದೆಯೆಂಬ ಮಾತು ವ್ಯಾಪಾರಿಗಳ ಕಿವಿಗೆ ಬಿದ್ದಿತು. ಭೂಗರ್ಭಶಾಸ್ತ್ರಜ್ಞರಾದ ಬ್ರೂಸ್ ಫೂಟರು ಹತ್ತೊಂಬತ್ತನೆಯ ಶತಮಾನದ ಕೊನೆಗೇ ಈ ಸೀಮೆಯ ಕಲ್ಲುಗಳನ್ನು ಪರೀಕ್ಷಿಸಿ ಬರೆದಿಟ್ಟಿದ್ದರು. ಉಕ್ಕನ್ನು ಮಾಡುವಲ್ಲಿ ಮ್ಯಾಂಗನೀಸು ಇಲ್ಲದೆ ನಡೆಯದು. ಅದು ಕಬ್ಬಿಣದೊಳಗಿನ ಗಂಧಕದ ಕೆಡುಕನ್ನು ಕಳೆದು, ಉಕ್ಕಿಗೆ ಗಟ್ಟಿತನವನ್ನು ಕೊಡುತ್ತದೆ. ಯುರೋಪಿನ ಕಾರಖಾನೆಗಳಿಗೆ ಅದು ಬೇಕಾಗಿತ್ತು. 1907ರಲ್ಲಿ ಬೆಲ್ಜಿಯಮಿನವರ ಜನರಲ್ ಸಂಡೂರ್ ಮೈನಿಂಗ್ ಕಂಪನಿಯು ಇಲ್ಲಿ ಅಗೆಯತೊಡಗಿತು. ಅದಿರನ್ನು ಅಗೆದರಾಯಿತೇ? ಕಡಲಿಗೆ ಒಯ್ಯಬೇಡವೇ? ಹೊಸಪೇಟೆಯಿಂದ ಕೊಟ್ಟೂರಿನ ಕಡೆಗೆ ಒಂದು ಕವಲು ಹಾದಿಯಿದೆಯಷ್ಟೆ. ಅದರಲ್ಲಿ ಗುಂಡಾ ರೋಡ್ ಎಂಬಲ್ಲಿ ಮತ್ತೊಂದು ಕವಲೊಡೆದು ಯಶವಂತನಗರದ ಮೇಲೆ ಸ್ವಾಮಿಹಳ್ಳಿಗೆ ಬರುತ್ತದೆ. ಸ್ವಾಮಿಹಳ್ಳಿಯ ಸುತ್ತಲೇ ದೇವಗಿರಿ, ಕಮ್ಮತ್ತೂರಿನ ಗಣಿಗಳು. ಹಾದಿಯು ಅಲ್ಲಿಗೆ ನಿಂತಿತು. ಗಣಿಯ ಬಾಯಿಯ ವರೆಗೆ ಬಂದ ಉಗಿಬಂಡಿಗೆ ಅರಮನೆಯಿದ್ದ, ಸಂತೆ ನೆರೆಯುತ್ತಿದ್ದ, ಶಾಲೆ ಆಸ್ಪತ್ರೆಗಳಿದ್ದ ಸಂಡೂರು ಪೇಟೆಯ ಹೊಸ್ತಿಲಿಗೆ ಬರುವ ಕಾರಣವು ಕಾಣಲಿಲ್ಲ. ಪೇಟೆಯಲ್ಲಿ ಅದಿರು ಇರಲಿಲ್ಲ. ಜನ ಇದ್ದರು, ಅಷ್ಟೆ.

‘ಗುಂಡಾ ರೋಡ್’ ಎಂಬ ಹೆಸರನ್ನೇ ತುಸು ಗಮನಿಸಿ. ರೇಲ್ವೆಯ ಭಾಷೆಯಲ್ಲಿ ಸ್ಟೇಶನ್ನಿನ ಹೆಸರಿಗೆ ‘ರೋಡ್’ ಎಂದು ಬಾಲ ಸೇರಿದರೆ ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಇಲ್ಲಿದೆ ಎಂದರ್ಥ. ಸುಬ್ರಹ್ಮಣ್ಯ ರೋಡಿನಲ್ಲಿ ಇಳಿದ ಯಾತ್ರಿಕನಿಗೆ ಸುಬ್ರಹ್ಮಣ್ಯನು ಕಾಣುವುದಿಲ್ಲ. ನೆಟ್ಟಣದ ಕಾಡು ಕಾಣುತ್ತದೆ. ಗೋಕರ್ಣ ರೋಡಿನಲ್ಲಿ ಮಹಾಬಲೇಶ್ವರನಿಲ್ಲ, ಮಂತ್ರಾಲಯಂ ರೋಡಿನಲ್ಲಿ ರಾಯರಿಲ್ಲ. ದೇವರಿಗೇ ಈ ಗತಿಯಾದ ಮೇಲೆ ಸಂಡೂರಿನ ಶಾಲಾಮಾಸ್ತರರ ಪಾಡೇನು ಎಂದು ತಾವು ನಗಬಹುದು. ಆದರೆ ಆ ‘ರೋಡ್’ ಎಂಬ ಎರಡಕ್ಷರದಲ್ಲಿ ಒಂದು ಪ್ರಾಮಾಣಿಕತೆಯಾದರೂ ಉಂಟು: ನಾವು ನಿಮ್ಮೂರಿಗೆ ಬಂದಿಲ್ಲ ಎಂದು ಫಲಕವೇ ಒಪ್ಪಿಕೊಳ್ಳುತ್ತದೆ. ಸಂಡೂರಿಗೆ ಅಂಥ ಒಂದು ಫಲಕವೂ ಇಲ್ಲದಿರಲು ತೋರಣಗಲ್ಲೇ ‘ಸಂಡೂರ್ ರೋಡ್’ ಆಗಿ ದುಡಿಯುತ್ತ ಬಂದಿದೆ.

ಇಂಥ ಕವಲುಹಾದಿಗಳಲ್ಲಿ ಹಿಂದೆ ಓಡುತ್ತಿದ್ದ ಮಿಶ್ರಬಂಡಿಯನ್ನು ಕಂಡವರು ಈ ಸಭೆಯಲ್ಲಿ ಕೆಲವರಾದರೂ ಇರಬಹುದು. ಮಿಶ್ರಬಂಡಿಯೆಂದರೆ ಸರಕಿನ ಡಬ್ಬಿಗಳ ಹಿಂದೆ ಜನರ ಡಬ್ಬಿ ಒಂದೋ ಎರಡೋ ಕಟ್ಟಿದ ಬಂಡಿ. ಸ್ಟೇಶನ್ನಿನಲ್ಲಿ ಅದು ನಿಲ್ಲುವ ಹೊತ್ತು ಜನರನ್ನು ನೋಡಿ ಅಲ್ಲ, ಸರಕನ್ನು ನೋಡಿ. ಎಂಜಿನು ತನ್ನ ಡಬ್ಬಿಗಳನ್ನು ಬಿಟ್ಟು ಪಕ್ಕದ ಹಳಿಗೆ ಹೋಗಿ, ತುಂಬಿದ ಡಬ್ಬಿಯನ್ನು ಕಚ್ಚಿಕೊಂಡು ಬಂದು, ಬರಿದನ್ನು ಬಿಟ್ಟು, ನೀರಿನ ಕಂಬದಡಿ ನಿಂತು ಹೊಟ್ಟೆ ತುಂಬಿಸಿಕೊಂಡು, ಬೂದಿಯನ್ನು ಕೆಳಕ್ಕೆ ಕೆಡವಿ, ಮತ್ತೆ ಬಂದು ಕೂಡುವ ತನಕ ಕೂಸುಗಳು ಅತ್ತು ಮಲಗುತ್ತಿದ್ದವು. ಗಂಡಸರು ಇಳಿದು ಬೇವಿನ ಮರದಡಿ ಎಲೆಯಡಿಕೆ ಮೆಲ್ಲುತ್ತಿದ್ದರು. ಅವಸರದವನು ನಡೆದೇ ಹೋಗುವುದು ಲೇಸೆಂದು ಹೊರಡುತ್ತಿದ್ದನು.

ಆದರೂ ಅಂಥ ಚಿಕ್ಕ ಸ್ಟೇಶನ್ನು ಒಂದು ಪಾಠಶಾಲೆಯೇ ಆಗಿತ್ತೆಂಬುದು ನಮ್ಮ ಅಭಿಪ್ರಾಯ. ಒಂಟಿಹಳಿಯ ಹಾದಿಯಲ್ಲಿ ಎದುರುಬದುರಾಗಿ ಬರುವ ಬಂಡಿಗಳು ಹೇಗೆ ಹಾಯದೆ ಉಳಿಯುತ್ತವೆ ಎಂದು ಮಕ್ಕಳು ಕೇಳಿದರೆ ತಾವೇನು ಹೇಳುವಿರಿ? ಸ್ಟೇಶನ್ ಮಾಸ್ತರನ ಕೋಣೆಯಲ್ಲಿ ಒಂದು ಯಂತ್ರವಿರುತ್ತಿತ್ತು; ಮುಂದಿನ ಸ್ಟೇಶನ್ನಿನ ಕೋಣೆಯಲ್ಲಿ ಅದರ ಜೊತೆಯ ಯಂತ್ರ. ಎರಡಕ್ಕೂ ತಂತಿಯ ನಂಟು. ಅದರ ಹೊಟ್ಟೆಯೊಳಗೆ ಲೋಹದ ಗುಂಡುಗಳು. ಮುಂದಿನವನು ತನ್ನ ಹಾದಿ ತೆರವಾಗಿದೆಯೆಂದು ಗಂಟೆ ಬಾರಿಸಿ ಒಪ್ಪಿದರೆ ಮಾತ್ರ ಈ ಯಂತ್ರವು ಒಂದು ಗುಂಡನ್ನು ಉಗುಳುವುದು. ಒಂದು ಗುಂಡು ಹೊರಬಂದಿತೋ, ಅದು ಮುಂದಿನ ಯಂತ್ರದ ಬಾಯಿಗೆ ಬೀಳುವವರೆಗೆ ಇವೆರಡರಲ್ಲಿ ಯಾವುದೂ ಇನ್ನೊಂದನ್ನು ಕೊಡಲಾರದು. ಗುಂಡನ್ನು ತೊಗಲಿನ ಚೀಲದಲ್ಲಿಟ್ಟು ಬೆತ್ತದ ಬಳೆಗೆ ಕಟ್ಟಿ ಡ್ರೈವರನಿಗೆ ಕೊಡುತ್ತಿದ್ದರು. ಆ ಬಳೆಯಿಲ್ಲದೆ ಅವನು ಬಂಡಿಯನ್ನು ಕದಲಿಸುವಂತಿಲ್ಲ. ನಿಲ್ಲದ ಬಂಡಿಯಾದರೆ ಪೋರ್ಟರನು ಹಳಿಯ ಪಕ್ಕದಲ್ಲಿ ಬಳೆಯನ್ನೆತ್ತಿ ಹಿಡಿದು ನಿಲ್ಲುವನು. ಎಂಜಿನಿನವನು ತೋಳು ಚಾಚಿ ಅದನ್ನು ಕೊಂಡು ತನ್ನಲ್ಲಿದ್ದುದನ್ನು ಎಸೆದು ಹೋಗುವನು. ರಾತ್ರಿಯ ಕತ್ತಲೆಯಲ್ಲಿ ಪಂಜಿನ ಬೆಳಕಿನಲ್ಲಿ ನಡೆಯುವ ಈ ಕೊಡುಕೊಳೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ನೂರಾರು ಜನರ ಪ್ರಾಣವು ಒಂದು ಹಿಡಿಯ ಲೋಹದ ಮೇಲೆ, ಇಬ್ಬರ ನಂಬಿಕೆಯ ಮೇಲೆ ನಿಂತಿರುತ್ತಿತ್ತು. ತಿಂಗಳ ಕೊನೆಗೆ ಅವರ ಕೈಗೆ ಬರುತ್ತಿದ್ದ ಸಂಬಳದ ಮಾತನ್ನು ಇಲ್ಲಿ ಎತ್ತುವುದು ಬೇಡ. ಕೇಳುತ್ತಿರುವವರು ಉಪಾಧ್ಯಾಯರು, ತಮಗೆ ಬೇಗ ಅರ್ಥವಾದೀತು.

ಅದಿರಿನ ಡಬ್ಬಿಗಳು ಈ ಕವಲಿನಿಂದ ಹೊಸಪೇಟೆಗೆ ಇಳಿದು, ಗದಗು, ಹುಬ್ಬಳ್ಳಿ, ಲೋಂಡಾಗಳ ಮೇಲೆ ಘಟ್ಟವನ್ನು ಇಳಿದು, ದೂಧಸಾಗರದ ಅಬ್ಬಿಯ ಮುಂದೆ ಹಾದು ಮುರ್ಮಗೋವೆಯ ಹಡಗುಗಳಿಗೆ ಸುರಿಯುತ್ತಿದ್ದವು. ಸಂಡೂರಿನ ಮಣ್ಣು ಕಂಡ ದೇಶಗಳನ್ನು ಸಂಡೂರಿನ ಮನುಷ್ಯನು ಕಾಣಲಿಲ್ಲ.

ಕಾಲವು ಉರುಳಿತು. 1932ರಲ್ಲಿ ಇಲ್ಲಿಯ ಅರಸರು ಗುಡಿಗಳನ್ನು ಹರಿಜನರಿಗೆ ತೆರೆದರು; 1934ರಲ್ಲಿ ಗಾಂಧೀಜಿಯವರು ಸಂಡೂರಿಗೆ ಬಂದರು. ಚಿಕ್ಕ ಸಂಸ್ಥಾನವೊಂದು ದೊಡ್ಡ ಪ್ರಾಂತಗಳು ಅಳುಕುತ್ತಿದ್ದ ಕಾಲದಲ್ಲಿ ಮಾಡಿದ ಈ ಕೆಲಸವು ಸಂಡೂರಿಗೆ ಇಂದಿಗೂ ಭೂಷಣ. 1949ರ ಏಪ್ರಿಲಿನಲ್ಲಿ ಸಂಸ್ಥಾನವು ಮದ್ರಾಸು ಪ್ರಾಂತದಲ್ಲಿ ಲೀನವಾಯಿತು. 1953ರ ಅಕ್ಟೋಬರ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯು ಎರಡಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಹೊಸಪೇಟೆ, ಸಂಡೂರು ಮುಂತಾದವು ಮೈಸೂರನ್ನು ಸೇರಿದವು. ಬಳ್ಳಾರಿ ಪೇಟೆಯು ಯಾರಿಗೆ ಎಂಬ ತಕರಾರಿನಲ್ಲಿ ಎಷ್ಟು ಬಿಸಿಯಾಗಿತ್ತೆಂಬುದು ತಮ್ಮಲ್ಲಿ ಹಿರಿಯರಿಗೆ ಮನೆಯ ಮಾತು. 1956ರ ನವೆಂಬರ 1ಕ್ಕೆ ಮುನಿರಾಬಾದಿನ ಸುಂಕದ ಕಟ್ಟೆಯೂ ಇಲ್ಲ, ಗದಗಿನ ಮುಂಬಯಿಯೂ ಇಲ್ಲ, ಹತ್ತಿದಲ್ಲಿಂದ ಇಳಿಯುವವರೆಗೆ ಒಂದೇ ರಾಜ್ಯವೆಂಬ ದಿನ ಬಂದಿತು. ರೇಲ್ವೆಯ ಹೆಸರುಗಳೂ ಬದಲಾದವು. 1951ರಲ್ಲಿ ಮರಾಠಾ ಹೆಸರು ಹೋಗಿ ದಕ್ಷಿಣ ರೇಲ್ವೆಯಾಯಿತು. 1966ರಲ್ಲಿ ಹುಬ್ಬಳ್ಳಿ ವಿಭಾಗವು ಸಿಕಂದರಾಬಾದಿನ ದಕ್ಷಿಣ ಮಧ್ಯ ರೇಲ್ವೆಗೆ ಸೇರಿತು. ನಾಡು ಒಂದಾಗಿ ನಾಲ್ಕು ದಶಕಗಳು ಕಳೆದ ಮೇಲೆ, 2003ರ ಏಪ್ರಿಲಿನಲ್ಲಿ, ಹುಬ್ಬಳ್ಳಿಯೇ ಮುಖ್ಯ ಕಚೇರಿಯಾಗಿ ನೈಋತ್ಯ ರೇಲ್ವೆಯು ಉದಯವಾಯಿತು. 1908ರಲ್ಲಿ ಧಾರವಾಡವು ಕಳೆದುಕೊಂಡ ಕಚೇರಿಯು ತೊಂಬತ್ತೈದು ವರ್ಷಗಳ ಮೇಲೆ ನೆರೆಯ ಹುಬ್ಬಳ್ಳಿಗೆ ತಿರುಗಿ ಬಂದಿತೆಂದು ತಿಳಿದರೂ ತಪ್ಪಿಲ್ಲ. ಆಳಿಕೆ ಬದಲಾಯಿತು, ಹೆಸರು ಬದಲಾಯಿತು, ಕಚೇರಿ ಬದಲಾಯಿತು. ಸಂಡೂರಿಗೆ ಬರುವವನು ತೋರಣಗಲ್ಲಿನಲ್ಲಿ ಇಳಿಯುವುದು ಬದಲಾಗಲಿಲ್ಲ.

ತೋರಣಗಲ್ಲು ಮಾತ್ರ ಬೆಳೆಯಿತು. 1971ರಲ್ಲಿ ಇಂದಿರಾ ಗಾಂಧಿಯವರು ಅಲ್ಲಿ ವಿಜಯನಗರ ಉಕ್ಕಿನ ಕಾರಖಾನೆಗೆ ಅಡಿಗಲ್ಲನ್ನಿಟ್ಟರು. ಆ ಕಲ್ಲು ಇಪ್ಪತ್ತು ವರ್ಷಗಳಿಗೂ ಮೇಲೆ ಕಲ್ಲಾಗಿಯೇ ಉಳಿಯಿತು; ಸರಕಾರವು ಕಟ್ಟದ ಕಾರಖಾನೆಯನ್ನು 1990ರ ದಶಕದಲ್ಲಿ ಜಿಂದಾಲರು ಕಟ್ಟಿದರು. ಅತ್ತ ದೋಣಿಮಲೆಯಲ್ಲಿ 1977ರಿಂದ ಸರಕಾರದ ಗಣಿಯು ಕೆಲಸಕ್ಕೆ ತೊಡಗಿತು. ಅದರ ಅದಿರಿಗಾಗಿ ತೋರಣಗಲ್ಲಿನಿಂದ ರಣಜಿತಪುರಕ್ಕೆ ಇನ್ನೊಂದು ಕವಲು. 1992ರಲ್ಲಿ ದೇಶದಲ್ಲೆಲ್ಲ ಒಂದೇ ಅಳತೆಯ ಹಳಿ ಎಂಬ ಯೋಜನೆ ಬಂದ ಮೇಲೆ ಮೀಟರ್ ಹಾದಿಗಳು ಒಂದೊಂದಾಗಿ ಮುಗಿದವು. ಚಿಕ್ಕ ಎಂಜಿನುಗಳು ಹೋದವು. ಬೆತ್ತದ ಬಳೆಯೂ ಹೋಯಿತು. ಹಳಿ ಅಗಲವಾದರೆ ಅದಿರಿಗೆ ಸುಖ. ಜನರಿಗೆ?

ಲೆಕ್ಕದ ಉಪಾಧ್ಯಾಯರು ಮಕ್ಕಳಿಗೆ ಕೊಡಬಹುದಾದ ಒಂದು ಲೆಕ್ಕವನ್ನು ಇಲ್ಲಿ ಇಡುತ್ತೇವೆ. ದೊಡ್ಡ ಅಳತೆಯ ಅದಿರಿನ ಡಬ್ಬಿಯೊಂದು ಸುಮಾರು 58 ಟನ್ನು ಹೊರುತ್ತದೆ. ಅಂಥ 58 ಡಬ್ಬಿಗಳ ಒಂದು ಬಂಡಿಯಲ್ಲಿ 3,300 ಟನ್ನಿಗೂ ಮಿಕ್ಕಿ ಅದಿರು ಹೋಗುತ್ತದೆ. ಇದನ್ನೇ ಲಾರಿಯಲ್ಲಿ ಒಯ್ದರೆ, ಲಾರಿಗೆ 16 ಟನ್ನು ಹಿಡಿದರೂ, ಇನ್ನೂರಕ್ಕೆ ಕಡಮೆಯಿಲ್ಲದ ಲಾರಿಗಳು ಬೇಕು. ಚೀನಾದೇಶದ ಬೇಡಿಕೆಯಿಂದ ಅದಿರಿನ ಬೆಲೆಯು ಏರಿದ 2003ರಿಂದ 2011ರ ವರೆಗಿನ ಕಾಲದಲ್ಲಿ ಈ ಲೆಕ್ಕವನ್ನು ತಾವು ಪುಸ್ತಕದಲ್ಲಲ್ಲ, ರಸ್ತೆಯ ಮೇಲೆ ಕಂಡಿರಿ. ಸಾಲುಗಟ್ಟಿದ ಲಾರಿಗಳು, ಗುಂಡಿಬಿದ್ದ ದಾರಿ, ಕೆಂಪಾದ ಬೆಳೆ, ಕೆಂಪಾದ ಬಾವಿ, ಕೆಂಪಾದ ಶಾಲೆಯ ಗೋಡೆ. ನಾವು ಆ ದಿನಗಳಲ್ಲಿ ಒಮ್ಮೆ ಹೊಸಪೇಟೆಯಿಂದ ಇತ್ತ ಬರುತ್ತಿದ್ದಾಗ ದಾರಿಯಲ್ಲಿ ಲಾರಿಗಳ ನಡುವೆ ಬಸ್ಸು ಸಿಕ್ಕಿಕೊಂಡು ಗಂಟೆಗಟ್ಟಲೆ ನಿಂತಿತು. ಪಕ್ಕದಲ್ಲಿ ಕುಳಿತ ಮುದುಕಿಯೊಬ್ಬಳು ಸೆರಗಿನಿಂದ ಮೂಗನ್ನು ಮುಚ್ಚಿಕೊಂಡು, ‘ಮಾಸ್ತರ, ಈ ಮಣ್ಣು ಇಷ್ಟು ದುಬಾರಿ ಅಂತಾರ, ಹಂಗಾದರ ನಾವು ತಿಂದದ್ದು ಎಷ್ಟು ರೂಪಾಯಿ ಆತೋ ಏನೋ!’ ಎಂದಳು. ನಾವು ನಕ್ಕೆವು. ಆಮೇಲೆ ನಕ್ಕದ್ದಕ್ಕೆ ನಾಚಿದೆವು. 2011ರ ಜುಲೈಯಲ್ಲಿ ಲೋಕಾಯುಕ್ತರ ವರದಿಯು ಹೊರಬಂದಿತು; ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಕಟ್ಟುಪಾಡುಗಳನ್ನು ವಿಧಿಸಿ ಮುಂದೆ ಕೆಲವಕ್ಕೆ ಅನುಮತಿ ದೊರೆಯಿತು. ಗಣಿಯಿಂದ ನೊಂದ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆಂದೇ ನಿಧಿಯನ್ನು ತೆಗೆದಿರಿಸಿ, ಅದಕ್ಕಾಗಿ ಸರಕಾರದ ನಿಗಮವೊಂದನ್ನೂ ಮಾಡಿದ್ದಾರೆ.

ಈಗ ನಮ್ಮ ಮಾತಿನ ತಿರುಳಿಗೆ ಬರುತ್ತೇವೆ. ಹಾದಿಯನ್ನು ಹೊಸದಾಗಿ ಹಾಕಿರೆಂದು ನಾವು ಕೇಳುತ್ತಿಲ್ಲ. ಇರುವ ಹಾದಿಯ ಮೇಲೆ ಬೆಳಗ್ಗೆ ಒಂದು, ಸಂಜೆ ಒಂದು ಬಂಡಿ ಜನರಿಗಾಗಿ ನಡೆಯಲಿ. ಸ್ವಾಮಿಹಳ್ಳಿ, ಯಶವಂತನಗರದಿಂದ ಹೊಸಪೇಟೆಗೆ ಶಾಲೆ ಕಾಲೇಜಿನ ಹೊತ್ತಿಗೆ ಮುಟ್ಟಲಿ, ಬಿಟ್ಟ ಹೊತ್ತಿಗೆ ತಿರುಗಿ ಬರಲಿ. ಯಶವಂತನಗರದ ಸ್ಟೇಶನ್ನಿನಿಂದ ಸಂಡೂರು ಪೇಟೆಗೆ ಬಂಡಿಯ ಹೊತ್ತಿಗೆ ಸರಿಯಾಗಿ ಬಸ್ಸು ಇರಲಿ. ಅದಿರಿನ ಬಂಡಿಗಳ ಎಣಿಕೆಯ ಮುಂದೆ ಜನರ ಬಂಡಿಯ ಎಣಿಕೆಯು ಎತ್ತಿ ಹೇಳುವಂತಿಲ್ಲ; ಆ ತಾರತಮ್ಯವು ತುಸುವಾದರೂ ತಗ್ಗಲಿ. ಹಣವೆಲ್ಲಿ ಎಂದರೆ, ಈ ಗುಡ್ಡದ ಮಣ್ಣನ್ನು ಮಾರಿದ ಹಣದಲ್ಲಿಯೇ ತೆಗೆದಿಟ್ಟ ನಿಧಿಯಿದೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆಂಬುದನ್ನು ಬಲ್ಲೆವು. ಜನರ ಬಂಡಿಯಿಂದ ರೇಲ್ವೆಗೆ ನಷ್ಟವೆಂಬುದು ಮೊದಲನೆಯದು. ಇದರಲ್ಲಿ ಸುಳ್ಳಿಲ್ಲ. ರೇಲ್ವೆಯು ಸರಕಿನಿಂದ ಗಳಿಸುತ್ತದೆ, ಜನರನ್ನು ಒಯ್ಯುವಲ್ಲಿ ಕಳೆದುಕೊಳ್ಳುತ್ತದೆ. ಆದರೆ ಯಾವ ಸೀಮೆಯ ಸರಕಿನಿಂದ ಆ ಗಳಿಕೆಯಾಯಿತೋ ಆ ಸೀಮೆಯ ಜನರ ಬಂಡಿಗೇ ನಷ್ಟದ ಲೆಕ್ಕವನ್ನು ತೋರಿಸುವುದು ಯಾವ ನ್ಯಾಯ? ಹಸುವಿನ ಹಾಲನ್ನೆಲ್ಲ ಕರೆದುಕೊಂಡು, ಕರುವಿಗೆ ಮೇವು ದುಬಾರಿ ಎಂದಂತಾಯಿತು. ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ಬಸ್ಸಿದೆ, ಮೋಟಾರು ಸೈಕಲ್ಲಿದೆ, ಜನರು ಬಂಡಿ ಹತ್ತಲಾರರು ಎನ್ನುತ್ತಾರೆ. ಇದಕ್ಕೆ ಉತ್ತರವನ್ನು ನಾವು ಕೊಡಲಾರೆವು, ತಾವೇ ಕೊಡಬೇಕು. ಎಷ್ಟು ಮಕ್ಕಳು ದಿನವೂ ಹೊಸಪೇಟೆಗೆ ಓದಲು ಹೋಗುತ್ತಾರೆ, ಎಷ್ಟು ಜನ ಕೂಲಿಗೆ ಹೋಗುತ್ತಾರೆ, ಎಷ್ಟು ಹೊತ್ತಿಗೆ, ಎಷ್ಟು ಹಣ ತೆತ್ತು ಎಂಬುದನ್ನು ಊರೂರಿನಲ್ಲಿ ಬರೆದುಕೊಳ್ಳುವ ಶಕ್ತಿಯು ಈ ಸಭೆಯಲ್ಲಿರುವಷ್ಟು ಬೇರೆಲ್ಲಿಯೂ ಇಲ್ಲ. ಜನಗಣತಿಯ ಕೆಲಸವನ್ನು ಸರಕಾರವು ಹೇಳಿದರೆ ಮಾಡುತ್ತೀರಿ. ಈ ಗಣತಿಯನ್ನು ಊರು ಹೇಳುತ್ತಿದೆ. ಅಂಕಿಗಳಿಲ್ಲದ ಅರ್ಜಿಯನ್ನು ಕಚೇರಿಗಳು ಓದುವುದಿಲ್ಲ. ಅಂಕಿಗಳಿದ್ದ ಅರ್ಜಿಯನ್ನು ಓದಿಯಾರು ಎಂದು ನಂಬೋಣ.

ಇನ್ನೊಂದು ಸಂಗತಿ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟು ವಿಜಯನಗರ ಜಿಲ್ಲೆಯು ಹೊಸದಾಗಿ ಏರ್ಪಟ್ಟಿತು. ಸಂಡೂರು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿಯಿತು. ಹೀಗಾಗಿ ಸ್ವಾಮಿಹಳ್ಳಿಯ ಹಾದಿಯು ಒಂದು ಜಿಲ್ಲೆಯಲ್ಲಿ ಹುಟ್ಟಿ ಇನ್ನೊಂದರಲ್ಲಿ ಮುಗಿಯುತ್ತದೆ. ‘ಇದು ನಮ್ಮ ಜಿಲ್ಲೆಯದಲ್ಲ’ ಎಂಬ ಮಾತು ಎರಡು ಕಚೇರಿಗಳಿಂದಲೂ ಬರುವ ಭಯವಿದೆ. ನಾಲ್ಕು ಸರಕಾರಗಳಿದ್ದಾಗ ಈ ಮಾತನ್ನು ನಮ್ಮ ಹಿರಿಯರು ಬಹಳ ಕೇಳಿದ್ದರು. ಆದ್ದರಿಂದ ಅರ್ಜಿಯನ್ನು ಬಳ್ಳಾರಿಗೂ ಹೊಸಪೇಟೆಗೂ ಹುಬ್ಬಳ್ಳಿಯ ರೇಲ್ವೆ ಕಚೇರಿಗೂ ಒಂದೇ ದಿನ, ಒಂದೇ ಒಕ್ಕಣೆಯಲ್ಲಿ, ಕನ್ನಡದಲ್ಲಿಯೇ ಕಳುಹಿಸಬೇಕೆಂದು ನಮ್ಮ ಸೂಚನೆ. ಹೊಸಪೇಟೆಯ ಉಪಾಧ್ಯಾಯ ಮಿತ್ರರೂ ಅದಕ್ಕೆ ರುಜು ಮಾಡುವುದಾಗಿ ಒಪ್ಪಿದ್ದಾರೆ.

ಗಣತಿಯ ನಮೂನೆಯ ಹಾಳೆಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇರಿಸಿದೆ. ಒಬ್ಬೊಬ್ಬರು ತಮ್ಮ ಊರಿಗೆ ಬೇಕಾದಷ್ಟನ್ನು ಕೊಂಡುಹೋಗಬೇಕು. ಊರ ಹೆಸರು, ಹೊರಡುವ ಹೊತ್ತು, ಹೋಗುವ ಸ್ಥಳ ಈ ಮೂರು ಮನೆಗಳನ್ನು ತಪ್ಪದೆ ತುಂಬಿಸಬೇಕು. ಹೆಂಗಸರ, ಹೆಣ್ಣುಮಕ್ಕಳ ಲೆಕ್ಕವನ್ನು ಬೇರೆಯಾಗಿ ಬರೆಯಿರಿ. ದೂರದ ಕಾಲೇಜಿಗೆ ಕಳುಹಿಸದೆ ಮನೆಯಲ್ಲಿ ನಿಲ್ಲಿಸಿಕೊಂಡವರಿದ್ದರೆ ಅದನ್ನೂ ಬರೆಯಿರಿ. ನಮಗೆ ಇನ್ನೂ ಹೇಳುವುದಿತ್ತು. ಆದರೆ ರಾತ್ರಿಯ ಬಂಡಿಯು ತೋರಣಗಲ್ಲಿನಲ್ಲಿ ನಮಗಾಗಿ ಕಾಯುವುದಿಲ್ಲ, ಅಲ್ಲಿಗೆ ಹೋಗುವ ಕೊನೆಯ ಬಸ್ಸು ಹೊರಡುವ ಹೊತ್ತಾಯಿತೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ.